‘ನಾಳೆ ಬಾ’ ಎಂಬ ಭಾಷೆ



ಕ್ಯಾಮೆರಾದ ಹಿಂದೆ ನಿಂತು ಇನ್ನೊಬ್ಬರ ಮಾತನ್ನು ಚಿತ್ರಿಸಿಕೊಳ್ಳುವುದು ನನ್ನ ಕಸುಬು. ಇಂದು ಅದರ ಮುಂದೆ ನಿಂತಿದ್ದೇನೆ, ಅದೂ ನಾನು ಆಡಿ ಬೆಳೆದ ಆನವಟ್ಟಿಯಲ್ಲಿ. ಮಾತಿನ ಬಗ್ಗೆಯೇ ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಿದ್ದಾರೆ. ನಾನು ಸಾಹಿತ್ಯ ಓದಿದವನಲ್ಲ. ಭೌತಶಾಸ್ತ್ರ, ಗಣಿತ ಓದಿ ಬಿ.ಎಸ್ಸಿ. ಮಾಡಿದವನು. ಆದುದರಿಂದ ಮಾತಿನ ಸೊಬಗಿನ ಬಗ್ಗೆ ಹೇಳುವ ಅಧಿಕಾರ ನನಗಿಲ್ಲ. ಮಾತಿನ ತೂಕದ ಬಗ್ಗೆ ಮಾತ್ರ ನಾಲ್ಕು ವಿಷಯ ಹೇಳುತ್ತೇನೆ.

ನಾನು ಹೈಸ್ಕೂಲಿನಲ್ಲಿದ್ದ 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳ ಮನೆಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ ಬರೆದ ಎರಡು ಪದಗಳು ಕಾಣಿಸಿಕೊಂಡವು: ‘ನಾಳೆ ಬಾ’. ನಿಮ್ಮ ತಂದೆತಾಯಿಯರನ್ನು ಕೇಳಿ, ನೆನಪಿಸಿಕೊಂಡು ನಗುತ್ತಾರೆ. ರಾತ್ರಿ ಹೊತ್ತು ಒಂದು ದೆವ್ವ ಬಂದು, ಮನೆಯವರದೇ ದನಿಯಲ್ಲಿ ಕರೆದು ಬಾಗಿಲು ಬಡಿಯುತ್ತದಂತೆ. ಬಾಗಿಲ ಮೇಲಿನ ಬರಹವನ್ನು ಓದಿ, ‘ಸರಿ, ನಾಳೆ ಬರೋಣ’ ಎಂದು ಹಿಂದಿರುಗುತ್ತದಂತೆ. ಮರುದಿನ ಬಂದರೂ ಅದೇ ಬರಹ. ಪಾಪ, ಆ ದೆವ್ವಕ್ಕೆ ಓದಲು ಬರುತ್ತಿತ್ತು. ಓದಿದ್ದನ್ನು ಪ್ರಶ್ನಿಸಲು ಬರುತ್ತಿರಲಿಲ್ಲ.

ಈ ಬರಹದ ಚಮತ್ಕಾರ ಎಲ್ಲಿದೆ ನೋಡಿ. ‘ನಾಳೆ’ ಎಂಬ ಪದಕ್ಕೆ ಸ್ವಂತದ ತಾರೀಖಿಲ್ಲ. ಓದಿದ ದಿನದಿಂದ ಒಂದು ದಿನ ಮುಂದೆ ಎಂದಷ್ಟೇ ಅದರ ಅರ್ಥ. ಓದುವ ದಿನ ಸರಿದಂತೆ ಅದೂ ಮುಂದೆ ಸರಿಯುತ್ತದೆ. ಹೀಗಾಗಿ ‘ನಾಳೆ ಬಾ’ ಎಂಬ ಆಶ್ವಾಸನೆ ಎಂದಿಗೂ ಸುಳ್ಳಾಗುವುದಿಲ್ಲ, ಎಂದಿಗೂ ನಿಜವೂ ಆಗುವುದಿಲ್ಲ. ಬಾಗಿಲುಗಳ ಮೇಲಿನ ಆ ಬರಹ ಅಳಿಸಿಹೋಗಿ ಬಹಳ ಕಾಲವಾಯಿತು. ಆದರೆ ಆ ಬಗೆಯ ಭಾಷೆ ಅಳಿದಿಲ್ಲ. ಬೇರೆ ಬೇರೆ ವೇಷಗಳಲ್ಲಿ ಅದನ್ನು ನಾವು ದಿನವೂ ಕೇಳುತ್ತೇವೆ, ಆಡುತ್ತೇವೆ.

ಮೊದಲು ನಮ್ಮ ಮನೆ, ಬೀದಿಗಳ ಮಾತನ್ನೇ ತೆಗೆದುಕೊಳ್ಳೋಣ. ಇಲ್ಲಿನ ಬಸ್ ನಿಲ್ದಾಣದಲ್ಲಿ ನಿಂತು, ‘ಹಾನಗಲ್ ಬಸ್ಸು ಎಷ್ಟೊತ್ತಿಗೆ?’ ಎಂದು ಕೇಳಿ. ‘ಈಗ ಬರ್ತದೆ’ ಎಂಬ ಉತ್ತರ ಸಿಗುತ್ತದೆ. ಈ ‘ಈಗ’ ಐದು ನಿಮಿಷವೂ ಆಗಬಹುದು, ಒಂದು ತಾಸೂ ಆಗಬಹುದು. ಮನೆಯಲ್ಲಿ, ‘ಅಪ್ಪಾ, ಪ್ರವಾಸಕ್ಕೆ ದುಡ್ಡು ಕೊಡಬೇಕು’ ಎಂದಿರಿ ಎನ್ನಿ. ‘ನೋಡೋಣ’ ಎನ್ನುತ್ತಾರೆ. ಆ ‘ನೋಡೋಣ’ದ ರಾಗದಿಂದಲೇ ದುಡ್ಡು ಸಿಗುತ್ತದೋ ಇಲ್ಲವೋ ಎಂಬುದು ನಿಮಗೆ ತಿಳಿದುಹೋಗುತ್ತದೆ. ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಎಂದರೆ ಅಜ್ಜಿ ಗದರುತ್ತಾಳೆ. ‘ಹೋಗಿ ಬರ್ತೀನಿ’ ಎನ್ನಬೇಕು. ಊಟಕ್ಕೆ ಕರೆದವರಿಗೆ ‘ಇನ್ನೊಂದ್ಸಲ ಬರ್ತೀವಿ’ ಎನ್ನುತ್ತೇವೆ. ಕರೆದವರಿಗೂ ಗೊತ್ತು, ಹೇಳಿದವರಿಗೂ ಗೊತ್ತು, ಅದಕ್ಕೆ ದಿನ ನಿಗದಿಯಾಗಿಲ್ಲವೆಂದು. ಇದರಿಂದ ಯಾರಿಗೂ ಮೋಸವಾಗುವುದಿಲ್ಲ. ಮಾತಿನ ಅಸ್ಪಷ್ಟತೆ ಇಲ್ಲಿ ಬಾಂಧವ್ಯಕ್ಕೆ ಹಾಕುವ ಎಣ್ಣೆ.

ಅಸ್ಪಷ್ಟತೆಯ ಇನ್ನೊಂದು ಬಗೆ ಇನ್ನೂ ದೊಡ್ಡದು. ಇಲ್ಲಿಂದ ಶಿರಾಳಕೊಪ್ಪಕ್ಕೆ ಹೋಗಿ, ಅಲ್ಲಿಂದ ಸ್ವಲ್ಪ ಒಳಕ್ಕೆ ಸರಿದರೆ ಬಳ್ಳಿಗಾವೆ. ಅಲ್ಲಮಪ್ರಭು ಆ ಊರಿನವನೆಂದು ಪರಂಪರೆ ಹೇಳುತ್ತದೆ. ಹನ್ನೆರಡನೆಯ ಶತಮಾನದ ಈ ವಚನಕಾರ ಬೆಡಗಿನ ವಚನಗಳಿಗೆ ಹೆಸರಾದವನು. ಬೆಡಗಿನ ವಚನವನ್ನು ಮೊದಲ ಸಲ ಓದಿದವರಿಗೆ ತಲೆಬುಡ ತಿಳಿಯುವುದಿಲ್ಲ; ಪದಕ್ಕೂ ಪದಕ್ಕೂ ಹೊಂದಿಕೆಯಿಲ್ಲವೆಂದು ತೋರುತ್ತದೆ. ಆದರೆ ಅದಕ್ಕೆ ಟೀಕೆ ಬರೆದು ಅರ್ಥ ಬಿಡಿಸುವ ಪರಂಪರೆಯೇ ನಮ್ಮಲ್ಲಿ ಬೆಳೆದಿದೆ. ಅನುಭಾವದ ವಿಷಯವನ್ನು ಸಂತೆಯ ಮಾತಿನಲ್ಲಿ ಹೇಳಲಾಗದೆ ಅಲ್ಲಮ ಒಗಟಿನ ದಾರಿ ಹಿಡಿದ. ಓದುಗ ಶ್ರಮಪಟ್ಟಷ್ಟೂ ಒಳಗೆ ಏನಾದರೂ ಸಿಗುತ್ತದೆ.

ಇಂದು ನಾನು ದೂರುತ್ತಿರುವುದು ಈ ಎರಡನ್ನೂ ಅಲ್ಲ, ಮೂರನೆಯ ಬಗೆಯನ್ನು. ಅದು ಮೇಲ್ನೋಟಕ್ಕೆ ಬಹಳ ಸ್ಪಷ್ಟವಾಗಿ, ಗಂಭೀರವಾಗಿ, ವ್ಯಾಕರಣಶುದ್ಧವಾಗಿ ಇರುತ್ತದೆ. ಬಿಡಿಸುತ್ತಾ ಹೋದರೆ ಈರುಳ್ಳಿಯ ಹಾಗೆ ಸಿಪ್ಪೆ ಮಾತ್ರ ಸಿಗುತ್ತದೆ. ನಮ್ಮ ಹಿರಿಯರು ಇದಕ್ಕೆ ‘ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ’ ಎಂದು ಹೆಸರಿಟ್ಟಿದ್ದಾರೆ. ದೀಪ ಈ ಕೋಣೆಯದೂ ಹೌದು, ಆ ಕೋಣೆಯದೂ ಹೌದು. ನಾಳೆ ಜಗಳ ಬಂದರೆ ಇಟ್ಟವನು ಯಾವ ಕಡೆಗೆ ಬೇಕಾದರೂ ವಾಲಬಹುದು. ಉತ್ತರ ಬೇಕಾದವನಿಗೆ ಉತ್ತರದಂತೆ ಕಾಣುವ, ಆದರೆ ಉತ್ತರವಲ್ಲದ ವಸ್ತುವನ್ನು ಕೊಟ್ಟು ಕಳುಹಿಸುವುದು ಇದರ ಲಕ್ಷಣ.

ಇದು ಬರಿಯ ಭಾಷೆಯ ದೋಷವಲ್ಲ, ಬದುಕಿನ ಮೇಲೂ ಬೀಳುವ ಭಾರ ಎಂಬುದಕ್ಕೆ ನಮ್ಮ ಮನೆಯದೇ ಒಂದು ಉದಾಹರಣೆ ಹೇಳುತ್ತೇನೆ.

ನಮ್ಮ ಸಣ್ಣಯ್ಯ, ಎಂದರೆ ನನ್ನ ತಂದೆಯ ತಮ್ಮ, ಎರಡು ಎಕರೆ ಬಗರ್‌ಹುಕುಂ ಜಮೀನು ಸಾಗುವಳಿ ಮಾಡುತ್ತಿದ್ದರು. ಸೊರಬ, ಸಾಗರ, ಶಿಕಾರಿಪುರದ ಮಕ್ಕಳಿಗೆ ಈ ಪದವನ್ನು ವಿವರಿಸಬೇಕಾಗಿಲ್ಲ. ಆದರೂ ಅದರ ಅರ್ಥ ಗಮನಿಸಿ: ಬಗೈರ್ ಎಂದರೆ ಇಲ್ಲದೆ, ಹುಕುಂ ಎಂದರೆ ಆಜ್ಞೆ. ಸರ್ಕಾರದ ಆಜ್ಞೆಯಿಲ್ಲದೆ ಮಾಡುತ್ತಿರುವ ಸಾಗುವಳಿ. ಶಾಲೆಯ ಮುಖ ಕಾಣದ ರೈತ ಕೂಡ ತನ್ನ ಜಮೀನಿನ ಸ್ಥಿತಿಯನ್ನು ಒಂದೇ ಪದದಲ್ಲಿ, ಏನನ್ನೂ ಮುಚ್ಚಿಡದೆ ಹೇಳಿಬಿಡುತ್ತಾನೆ. ಇಂಥ ಸಾಗುವಳಿಯನ್ನು ಸಕ್ರಮ ಮಾಡಿಕೊಡಲು ಸರ್ಕಾರ ಅರ್ಜಿಗಳನ್ನು ಕರೆಯಿತು. 1991ರಲ್ಲಿ ನಮೂನೆ 50, 1998-99ರಲ್ಲಿ ನಮೂನೆ 53, ಮತ್ತೆ 2018ರಲ್ಲಿ ನಮೂನೆ 57. ನಮ್ಮ ಹಳ್ಳಿಗಳಲ್ಲಿ ಹೆಸರು ಹೇಳದೆ ‘ಐವತ್ತು’, ‘ಐವತ್ಮೂರು’ ಎಂದರೆ ಸಾಕು, ಯಾವ ಅರ್ಜಿಯೆಂದು ಎಲ್ಲರಿಗೂ ಗೊತ್ತಾಗುತ್ತದೆ.

ಸಣ್ಣಯ್ಯನ ನಮೂನೆ 53ನ್ನು ತುಂಬಿದವನು ನಾನೇ. ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ನೆರೆಕೆರೆಯವರ ಅರ್ಜಿಗಳನ್ನೂ ತುಂಬಿದ್ದೆ. ಒಂದು ವರ್ಷದ ನಂತರ ಸಂಬಂಧಪಟ್ಟ ಕಚೇರಿಯಿಂದ ಒಂದು ಪತ್ರ ಬಂತು. ‘ತಮ್ಮ ಅರ್ಜಿಯು ಪರಿಶೀಲನೆಯಲ್ಲಿರುತ್ತದೆ. ನಿಯಮಾನುಸಾರ ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಸಣ್ಣಯ್ಯ ಅದನ್ನು ನನ್ನ ಕೈಗೆ ಕೊಟ್ಟು ಕೇಳಿದರು: ‘ಓದಿದ್ದೆಲ್ಲ ಸರಿ ಮಾರಾಯ, ಇದು ಹೌದು ಅಂತಲೋ, ಅಲ್ಲ ಅಂತಲೋ?’

ನಾನು ಕಾಲೇಜು ಓದುತ್ತಿದ್ದವನು. ಗೊತ್ತಿಲ್ಲ ಎನ್ನಲು ನಾಚಿಕೆ. ಪತ್ರದ ಗಾಂಭೀರ್ಯ ನೋಡಿ, ‘ಆಗ್ತದೆ ಅಂತ ಅರ್ಥ, ಸಣ್ಣಯ್ಯ’ ಎಂದುಬಿಟ್ಟೆ. ಆ ಮಾತು ನಂಬಿ ಅವರು ಭತ್ತ, ಜೋಳ ಬಿಟ್ಟು ಅಡಿಕೆ ಸಸಿ ಹಾಕಿದರು. ಅಡಿಕೆ ಹಾಕುವುದೆಂದರೆ ಐದಾರು ವರ್ಷ ಕೈಯಿಂದಲೇ ಖರ್ಚು ಮಾಡಿ ಕಾಯುವುದು. ಸಾಲ ಮಾಡಿ ಬೋರ್‌ವೆಲ್ ಕೊರೆಸಿದರು.

2005ರಲ್ಲಿ ಮಾಹಿತಿ ಹಕ್ಕು ಕಾಯಿದೆ ಬಂತು. ಮುಂದೆ ಒಂದು ರಜೆಯಲ್ಲಿ ಊರಿಗೆ ಬಂದಾಗ ಹತ್ತು ರೂಪಾಯಿ ಶುಲ್ಕ ಕಟ್ಟಿ ಆ ಕಡತದ ಪ್ರತಿ ಕೇಳಿದೆ. ಕೊಟ್ಟರು. ಅದರಲ್ಲಿ ಒಂದು ಸಾಲಿನ ಟಿಪ್ಪಣಿ ಇತ್ತು: ಸದರಿ ಸರ್ವೆ ನಂಬರು ಅರಣ್ಯವೆಂದು ದಾಖಲಾಗಿದೆ, ಸಕ್ರಮಕ್ಕೆ ಬರುವುದಿಲ್ಲ. ಟಿಪ್ಪಣಿಯ ತಾರೀಖು ನೋಡಿದೆ. ನಮಗೆ ಬಂದ ಪತ್ರಕ್ಕಿಂತ ಎರಡು ತಿಂಗಳು ಹಿಂದಿನದು! ಉತ್ತರ ‘ಅಲ್ಲ’ ಎಂಬುದು ಬರೆದವರಿಗೆ ಗೊತ್ತಿತ್ತು. ಆದರೂ ‘ಪರಿಶೀಲನೆಯಲ್ಲಿರುತ್ತದೆ’ ಎಂದು ಬರೆದಿದ್ದರು. ಅಷ್ಟು ಹೊತ್ತಿಗೆ ಅಡಿಕೆ ಮರಗಳು ಹಿಂಗಾರ ಬಿಟ್ಟಿದ್ದವು. ಸಣ್ಣಯ್ಯ ಸಿಟ್ಟು ಮಾಡಲಿಲ್ಲ. ‘ಆಗ್ಲೇ ಹೇಳಿದ್ರೆ ಆಗ್ತಿತ್ತಲ್ಲ ಮಾರಾಯ. ನಾನೇನು ಬಯ್ತಿದ್ನಾ?’ ಎಂದಷ್ಟೇ ಹೇಳಿದರು. ಕಚೇರಿಯ ಪತ್ರಕ್ಕೆ ಇಲ್ಲದ ಅರ್ಥ ಕೊಟ್ಟವನು ನಾನಾದ್ದರಿಂದ ಆ ಮಾತು ನನಗೂ ತಗುಲಿತು.

ಆ ಪತ್ರದ ಎರಡು ವಾಕ್ಯಗಳನ್ನು ಪ್ರಯೋಗಶಾಲೆಯಲ್ಲಿ ಬಿಚ್ಚುವ ಹಾಗೆ ಬಿಚ್ಚಿ ನೋಡೋಣ. ಮೊದಲನೆಯದಾಗಿ ‘ಇರುತ್ತದೆ’. ಕನ್ನಡದಲ್ಲಿ ‘ಇದೆ’ ಎಂದರೆ ಈಗ ಇದೆ ಎಂದು. ‘ಇರುತ್ತದೆ’ ಎಂದರೆ ಎಂದಿನಂತೆ ಇರುವಂಥದು ಎಂದು. ಮಳೆಗಾಲದಲ್ಲಿ ವರದಾ ನದಿ ತುಂಬಿರುತ್ತದೆ ಎನ್ನುತ್ತೇವೆ. ಕಚೇರಿಯ ಕನ್ನಡ ಅರ್ಜಿಯನ್ನೂ ಈ ಸಾಲಿಗೆ ಸೇರಿಸಿತು. ಎರಡನೆಯದಾಗಿ ‘ಕೈಗೊಳ್ಳಲಾಗುವುದು’. ಇದು ಕರ್ಮಣಿ ಪ್ರಯೋಗ. ನಮ್ಮ ಮನೆಗಳಲ್ಲಿ ಯಾರಾದರೂ ‘ಅನ್ನ ಬಡಿಸಲಾಗುವುದು’ ಎನ್ನುತ್ತಾರೆಯೆ? ‘ಎಮ್ಮೆ ಹಾಲು ಕರೆಯಲಾಗಿದೆ’ ಎನ್ನುತ್ತಾರೆಯೆ? ಆಡುಗನ್ನಡದಲ್ಲಿ ಮಾಡುವವರು ಇರುತ್ತಾರೆ: ಅಮ್ಮ ಬಡಿಸುತ್ತಾಳೆ, ಅಕ್ಕ ಹಾಲು ಕರೆಯುತ್ತಾಳೆ. ‘ಲಾಗುವುದು’ ಸೇರಿದ ಕೂಡಲೆ ಕೆಲಸ ಉಳಿದು ಮಾಡುವವರು ಮಾಯವಾಗುತ್ತಾರೆ. 1963ರ ರಾಜಭಾಷಾ ಅಧಿನಿಯಮದ ನಂತರ ನಮ್ಮ ಆಡಳಿತ ಕನ್ನಡಕ್ಕೆ ತಿರುಗಿದಾಗ, ಇಂಗ್ಲಿಷ್ ಕಡತಗಳ ವಾಕ್ಯರಚನೆಯೂ ಅದರ ಬೆನ್ನಿಗೆ ಬಂತು. ಇಂಗ್ಲಿಷಿನವರಿಗೂ ಈ ಕಾಯಿಲೆ ಹೊಸದಲ್ಲ. ಜಾರ್ಜ್ ಆರ್ವೆಲ್ ಎಂಬ ಲೇಖಕ 1946ರಲ್ಲಿ ರಾಜಕೀಯ ಮತ್ತು ಭಾಷೆಯ ಬಗ್ಗೆ ಬರೆದ ಪ್ರಬಂಧದಲ್ಲಿ, ಕರ್ತರಿ ಪ್ರಯೋಗ ಸಾಧ್ಯವಿರುವಲ್ಲಿ ಕರ್ಮಣಿ ಪ್ರಯೋಗ ಬೇಡವೆಂದು ಎಚ್ಚರಿಸಿದ್ದ.

ಮೂರನೆಯದು ‘ಸೂಕ್ತ ಕ್ರಮ’. ಇದಕ್ಕೊಂದು ಸುಲಭ ಪರೀಕ್ಷೆಯಿದೆ. ವಾಕ್ಯವನ್ನು ತಿರುಗಿಸಿ ನೋಡಿ. ‘ನಾವು ಅಸೂಕ್ತ ಕ್ರಮ ಕೈಗೊಳ್ಳುತ್ತೇವೆ’ ಎಂದು ಯಾರಾದರೂ ಹೇಳುವುದುಂಟೆ? ‘ನಮ್ಮ ಪಕ್ಷ ಅಭಿವೃದ್ಧಿಗೆ ವಿರುದ್ಧವಾಗಿದೆ’ ಎಂದು ಯಾವ ಅಭ್ಯರ್ಥಿಯಾದರೂ ಮತ ಕೇಳಿದ್ದುಂಟೆ? ಯಾವ ಮಾತಿನ ವಿರುದ್ಧವನ್ನು ಯಾರೂ ಹೇಳಲಾರರೋ, ಆ ಮಾತಿನಿಂದ ನಮಗೆ ಹೊಸದಾಗಿ ಏನೂ ತಿಳಿಯುವುದಿಲ್ಲ. 1948ರಲ್ಲಿ ಅಮೆರಿಕದ ಕ್ಲಾಡ್ ಶಾನನ್ ಎಂಬ ವಿಜ್ಞಾನಿ ಮಾಹಿತಿಯನ್ನು ಅಳೆಯುವ ಗಣಿತವನ್ನು ರೂಪಿಸಿದ. ಇಂದಿನ ಮೊಬೈಲು, ಟಿ.ವಿ. ಎಲ್ಲವೂ ಅದರ ಮೇಲೆ ನಿಂತಿವೆ. ಅವನ ತತ್ತ್ವದ ಸಾರ ಇದು: ಒಂದು ಸಂದೇಶ ನಮ್ಮ ಅನಿಶ್ಚಿತತೆಯನ್ನು ಎಷ್ಟು ಕಡಿಮೆ ಮಾಡುತ್ತದೋ ಅಷ್ಟೇ ಅದರಲ್ಲಿರುವ ಮಾಹಿತಿ. ಸಣ್ಣಯ್ಯನಿಗೆ ಇದ್ದ ಅನಿಶ್ಚಿತತೆ ‘ಹೌದೋ ಅಲ್ಲವೋ’ ಎಂಬುದು. ಶಾನನ್ನನ ಲೆಕ್ಕದಲ್ಲಿ ಅದಕ್ಕೆ ಬೇಕಾದದ್ದು ಒಂದೇ ಒಂದು ಬಿಟ್. ಬಂದ ಪತ್ರದಲ್ಲಿ ಆ ಒಂದು ಬಿಟ್ ಇರಲಿಲ್ಲ.

ಹಾಗಾದರೆ ಎಲ್ಲ ಮಾತೂ ಗಣಿತದ ಹಾಗೆ ಒಣಗಿರಬೇಕೆ? ಬೇಕಾಗಿಲ್ಲ. ಹವಾಮಾನ ವರದಿಯನ್ನು ನೀವು ಕೇಳಿದ್ದೀರಿ: ‘ಕೆಲವು ಕಡೆ ಮಳೆಯಾಗುವ ಸಂಭವವಿದೆ’. ನಾವೆಲ್ಲ ಅದನ್ನು ಗೇಲಿ ಮಾಡಿದವರೇ. ಆದರೆ ಭಾರತ ಹವಾಮಾನ ಇಲಾಖೆಯಲ್ಲಿ ಈ ಸಡಿಲ ಪದಗಳ ಹಿಂದೆ ಬಿಗಿಯಾದ ಅಂಕಿಗಳಿವೆ. ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇಕಡಾ 25ರವರೆಗೆ ಮಳೆ ಬಂದರೆ ಅದು ‘ಒಂದೆರಡು ಕಡೆ’. 26ರಿಂದ 50ರವರೆಗೆ ‘ಕೆಲವು ಕಡೆ’. 51ರಿಂದ 75ರವರೆಗೆ ‘ಹಲವು ಕಡೆ’. ಅದಕ್ಕೂ ಮೇಲೆ ‘ಬಹುತೇಕ ಎಲ್ಲ ಕಡೆ’. ‘ಭಾರಿ ಮಳೆ’ ಎಂದರೆ 24 ಗಂಟೆಯಲ್ಲಿ 64.5 ಮಿಲಿಮೀಟರಿನಿಂದ 115.5 ಮಿಲಿಮೀಟರ್. ಮರುದಿನ ಮಳೆಮಾಪಕ ನೋಡಿ ಮುನ್ಸೂಚನೆ ಸರಿಯೋ ತಪ್ಪೋ ಎಂದು ತೀರ್ಮಾನಿಸಬಹುದು. ತಪ್ಪಾಗುವ ಧೈರ್ಯ ಆ ಮಾತಿಗಿದೆ. ನಿಶ್ಚಯವಿಲ್ಲದ ವಿಷಯವನ್ನೂ ಪ್ರಾಮಾಣಿಕವಾಗಿ ಹೇಳುವುದು ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ.

ಅಳತೆ ನಿಶ್ಚಿತವಾಗಿರಬೇಕು ಎಂಬ ಹಟ ನಮ್ಮ ಸೀಮೆಗೆ ಹೊಸದಲ್ಲ. ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭವನ್ನು ನೀವು ನೋಡಿರಬಹುದು. ಅಲ್ಲಿನ ಶಾಸನಗಳಲ್ಲಿ ‘ಭೇರುಂಡ ಗಳೆ’ ಎಂಬ ಅಳತೆಗೋಲಿನ ಹೆಸರು ಬರುತ್ತದೆ. ದಾನಶಾಸನಗಳನ್ನು ಓದಿ ನೋಡಿ. ಯಾವ ಅರಸನ ಕಾಲದಲ್ಲಿ, ಯಾವ ದಿನ, ಯಾರು, ಯಾರಿಗೆ, ಎಷ್ಟು ಭೂಮಿಯನ್ನು ಕೊಟ್ಟರು, ಅದರ ಎಲ್ಲೆ ಯಾವುದು ಎಂಬುದನ್ನೆಲ್ಲ ಕಲ್ಲಿನಲ್ಲಿ ಕೊರೆದಿರುತ್ತಾರೆ. ‘ಸೂಕ್ತ ಪ್ರಮಾಣದ ಭೂಮಿಯನ್ನು ನೀಡಲಾಗುವುದು’ ಎಂದು ಕೊರೆದಿದ್ದರೆ ಆ ಕಲ್ಲು ಬಟ್ಟೆ ಒಗೆಯಲು ಮಾತ್ರ ಉಪಯೋಗಕ್ಕೆ ಬರುತ್ತಿತ್ತು.

ಇನ್ನು ಸಾಗರ ತಾಲ್ಲೂಕಿನ ಕಾಗೋಡಿಗೆ ಬನ್ನಿ. 1951ರಲ್ಲಿ ಅಲ್ಲಿ ನಡೆದ ಗೇಣಿದಾರರ ಸತ್ಯಾಗ್ರಹ ನಿಮ್ಮ ಇತಿಹಾಸದ ಪಾಠದಲ್ಲಿ ಬಂದಿರಬಹುದು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅದೇ ವರ್ಷ ಇಲ್ಲಿಗೆ ಬಂದು ಬಂಧನಕ್ಕೊಳಗಾದರು. ಆ ಹೋರಾಟದ ಬೇರಿನಲ್ಲಿದ್ದ ಪ್ರಶ್ನೆಗಳಲ್ಲೊಂದು ಕೊಳಗದ್ದು. ಗೇಣಿ ಭತ್ತ ಅಳೆದುಕೊಳ್ಳುವ ಒಡೆಯರ ಕೊಳಗ ವಾಡಿಕೆಯ ಕೊಳಗಕ್ಕಿಂತ ದೊಡ್ಡದು ಎಂಬುದು ಗೇಣಿದಾರರ ದೂರಾಗಿತ್ತು. ‘ಇಷ್ಟು ಕೊಳಗ ಗೇಣಿ’ ಎಂಬ ಮಾತು ಎರಡೂ ಕಡೆಯವರಿಗೆ ಒಂದೇ ಆಗಿ ಕೇಳಿಸುತ್ತಿತ್ತು. ಆದರೆ ಅದೇ ಪದದೊಳಗೆ ಎರಡು ಅಳತೆಗಳು ಅಡಗಿದ್ದವು. ದೊಡ್ಡದರಲ್ಲಿ ಅಳೆದುಕೊಳ್ಳುವವನು ಯಾವಾಗಲೂ ಬಲಿಷ್ಠನೇ. ಪದದ ಅಳತೆಯನ್ನು ನಿಗದಿಗೊಳಿಸಿ ಎಂದು ಕೇಳುವುದು ಎಷ್ಟು ದೊಡ್ಡ ರಾಜಕೀಯ ಕ್ರಿಯೆ ಎಂಬುದನ್ನು ಕಾಗೋಡಿನ ರೈತರು ತೋರಿಸಿಕೊಟ್ಟರು.

ಈಗ ವೇದಿಕೆಯ ರಾಜಕೀಯಕ್ಕೆ ಬರೋಣ. ಕುಬಟೂರಿನ ಎಸ್. ಬಂಗಾರಪ್ಪನವರು 1990ರಿಂದ 1992ರವರೆಗೆ ಮುಖ್ಯಮಂತ್ರಿಗಳಾಗಿದ್ದ ನಾಡು ಇದು. ರಾಜಕೀಯ ಭಾಷಣ ಕೇಳಿಯೇ ನಮ್ಮ ಕಿವಿ ಬೆಳೆದಿದೆ. ಎಲ್ಲ ಪಕ್ಷಗಳಲ್ಲೂ ನೇರವಾಗಿ ಮಾತನಾಡುವವರಿದ್ದಾರೆ, ಅಡ್ಡಗೋಡೆಯ ಮೇಲೆ ದೀಪ ಇಡುವವರೂ ಇದ್ದಾರೆ. ‘ಕಾನೂನು ತನ್ನ ಕೆಲಸ ತಾನು ಮಾಡುತ್ತದೆ’, ‘ತಪ್ಪಿತಸ್ಥರು ಯಾರೇ ಆಗಿರಲಿ’, ‘ನನ್ನ ಹೇಳಿಕೆಯನ್ನು ತಿರುಚಲಾಗಿದೆ’ ಎಂಬ ಮಾತುಗಳು ನಿಮಗೆ ಬಾಯಿಪಾಠವಾಗಿರುತ್ತವೆ. ಇವುಗಳಲ್ಲಿ ನನಗೆ ಅತ್ಯಂತ ಸ್ವಾರಸ್ಯಕರವಾಗಿ ತೋರುವುದು ಕ್ಷಮಾಪಣೆಯ ವಾಕ್ಯ: ‘ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ.’ ಈ ‘ದ್ದರೆ’ಯನ್ನು ಗಮನಿಸಿ. ನೋವಾಗಿದೆ ಎಂದು ಒಪ್ಪಿದ ಹಾಗಾಗಲಿಲ್ಲ, ತಪ್ಪು ಮಾಡಿದೆ ಎಂದೂ ಆಗಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ನಮ್ಮ ವೃತ್ತಿಯ ತಪ್ಪನ್ನೂ ಹೇಳಿಬಿಡುತ್ತೇನೆ. ಹಲವು ವರ್ಷಗಳ ಹಿಂದೆ, ಒಡೆದುಹೋದ ಒಂದು ಕೆರೆ ಏರಿಯ ಬಗ್ಗೆ ವರದಿ ಮಾಡುವಾಗ ಜನಪ್ರತಿನಿಧಿಯೊಬ್ಬರನ್ನು ‘ದುರಸ್ತಿ ಯಾವಾಗ?’ ಎಂದು ಕೇಳಿದೆವು. ಅವರು ಏಳು ನಿಮಿಷ ಮಾತನಾಡಿದರು. ನನಗೆ ಬೇಕಿದ್ದುದು ಇಪ್ಪತ್ತು ಸೆಕೆಂಡು. ಸಂಕಲನದ ಕೋಣೆಯಲ್ಲಿ ಕುಳಿತು ಮೂರು ಸಲ ಕೇಳಿದೆ. ರೈತ ಬೆನ್ನೆಲುಬು ಎಂಬುದಿತ್ತು, ಹಿಂದಿನವರ ನಿರ್ಲಕ್ಷ್ಯವಿತ್ತು, ಬದ್ಧತೆ ಇತ್ತು. ತಿಂಗಳು, ಇಸವಿ ಮಾತ್ರ ಇರಲಿಲ್ಲ. ಕೊನೆಗೆ ಕೇಳಲು ಚೆನ್ನಾಗಿದ್ದ ಇಪ್ಪತ್ತು ಸೆಕೆಂಡನ್ನು ಕತ್ತರಿಸಿ ಪ್ರಸಾರ ಮಾಡಿದೆ. ನೋಡಿದವರಿಗೆ ಅವರು ಪ್ರಶ್ನೆಗೆ ಉತ್ತರ ಕೊಟ್ಟಂತೆಯೇ ಕಂಡಿರಬೇಕು. ‘ಯಾವಾಗ ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ’ ಎಂಬ ಒಂದು ವಾಕ್ಯವನ್ನು ನಾನು ಸೇರಿಸಬೇಕಿತ್ತು. ಸೇರಿಸಲಿಲ್ಲ. ಪೊಳ್ಳು ಮಾತು ಹೇಳುವವನಿಂದ ಮಾತ್ರ ಬದುಕುವುದಿಲ್ಲ. ಅದನ್ನು ಅಲಂಕರಿಸುವವರು, ಚಪ್ಪಾಳೆ ತಟ್ಟುವವರು, ನನ್ನ ಹಾಗೆ ಅದಕ್ಕೆ ಅರ್ಥ ಹಚ್ಚುವವರು ಎಲ್ಲರೂ ಸೇರಿ ಅದನ್ನು ಸಾಕುತ್ತೇವೆ.

ಸಮಾಧಾನದ ಸಂಗತಿಯೆಂದರೆ, ಇಂಥ ಮಾತನ್ನು ಹಿಡಿದು ನಿಲ್ಲಿಸುವ ಉಪಾಯಗಳನ್ನೂ ನಮ್ಮ ಪ್ರಜಾಪ್ರಭುತ್ವ ಕಂಡುಕೊಂಡಿದೆ. ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಎಂಬುದೊಂದಿದೆ. ಸಚಿವರು ಸದನದಲ್ಲಿ ‘ವಿಷಯ ಪರಿಶೀಲನೆಯಲ್ಲಿದೆ’, ‘ವಿಚಾರಿಸಿ ತಿಳಿಸುತ್ತೇನೆ’ ಎಂದರೆ ಅದು ಗಾಳಿಗೆ ಹೋಗುವ ಮಾತಲ್ಲ. ಯಾವ ಯಾವ ನುಡಿಗಳನ್ನು ಭರವಸೆಯೆಂದು ಎಣಿಸಬೇಕು ಎಂಬ ಪಟ್ಟಿಯೇ ಅಲ್ಲಿದೆ. ಅಂಥ ಭರವಸೆಯನ್ನು ಸಾಮಾನ್ಯವಾಗಿ ಮೂರು ತಿಂಗಳಲ್ಲಿ ಈಡೇರಿಸಬೇಕು, ಇಲ್ಲವೆ ಹೆಚ್ಚಿನ ಕಾಲಾವಕಾಶ ಕೇಳಬೇಕು. ನಮ್ಮ ರಾಜ್ಯದ ವಿಧಾನಮಂಡಲದಲ್ಲೂ ಭರವಸೆಗಳ ಸಮಿತಿಗಳಿವೆ. ಮಾಹಿತಿ ಹಕ್ಕು ಕಾಯಿದೆಯಲ್ಲಿ 30 ದಿನದ ಗಡುವಿದೆ. ಕರ್ನಾಟಕದಲ್ಲಿ 2011ರ ಕಾಯಿದೆಯ ಮೂಲಕ ಬಂದ ‘ಸಕಾಲ’ ವ್ಯವಸ್ಥೆಯಲ್ಲಿ ಅರ್ಜಿ ಕೊಟ್ಟ ಕೂಡಲೆ ಒಂದು ಸಂಖ್ಯೆ, ಒಂದು ಗಡುವು ಸಿಗುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಕೇಳಬಹುದು. ಹಣ ಸಣ್ಣದು, ಆದರೆ ತತ್ತ್ವ ದೊಡ್ಡದು. ‘ನಾಳೆ’ ಎಂಬ ಪದಕ್ಕೆ ತಾರೀಖು ಹಚ್ಚಿದ್ದೇ ಇವುಗಳ ಸಾಧನೆ.

ವಿದ್ಯಾರ್ಥಿ ಮಿತ್ರರೆ, ರಾಜಕಾರಣಿಗಳನ್ನೂ ಗುಮಾಸ್ತರನ್ನೂ ನಗುವುದು ಸುಲಭ. ಗುಮಾಸ್ತನಿಗೂ ಅವನದೇ ಕಷ್ಟಗಳಿವೆ. ತೀರ್ಮಾನ ಅವನ ಕೈಯಲ್ಲಿರುವುದಿಲ್ಲ. ಬರೆದ ಮಾತಿಗೆ ನಾಳೆ ಅವನನ್ನೇ ಹೊಣೆ ಮಾಡುತ್ತಾರೆಂಬ ಭಯವಿರುತ್ತದೆ. ನಮ್ಮ ಪರೀಕ್ಷೆಯ ಉತ್ತರ ಪತ್ರಿಕೆಗಳೇನು ಕಡಿಮೆಯೆ? ಉತ್ತರ ಗೊತ್ತಿಲ್ಲದಾಗ ‘ಈ ವಿಷಯವು ಅತ್ಯಂತ ಮಹತ್ವಪೂರ್ಣವಾಗಿದ್ದು, ಇದಕ್ಕೆ ಹಲವಾರು ಆಯಾಮಗಳಿವೆ’ ಎಂದು ಪುಟ ತುಂಬಿಸಿದವರು ಎಷ್ಟು ಜನ? ನಾನಂತೂ ತುಂಬಿಸಿದ್ದೇನೆ. ದೊಡ್ಡ ವಿದ್ವಾಂಸರಿಗೂ ಈ ಚಟ ತಪ್ಪಿಲ್ಲ. 1996ರಲ್ಲಿ ನ್ಯೂಯಾರ್ಕಿನ ಭೌತವಿಜ್ಞಾನಿ ಆಲನ್ ಸೋಕಲ್ ಬೇಕೆಂದೇ ಅರ್ಥವಿಲ್ಲದ ಒಂದು ಲೇಖನವನ್ನು ಭಾರವಾದ ಪದಗಳಲ್ಲಿ ಬರೆದು ‘ಸೋಷಿಯಲ್ ಟೆಕ್ಸ್ಟ್’ ಎಂಬ ವಿದ್ವತ್ ಪತ್ರಿಕೆಗೆ ಕಳುಹಿಸಿದ. ಅದು ಪ್ರಕಟವಾಯಿತು. ಆಮೇಲೆ ಅವನೇ ಗುಟ್ಟು ಬಿಟ್ಟುಕೊಟ್ಟ. ಅರ್ಥವಾಗಲಿಲ್ಲ ಎಂದು ಹೇಳಲು ನಾಚಿಕೆಪಡುವ ಕಡೆಯೆಲ್ಲ ಇಂಥ ಮಾತು ಬೆಳೆಯುತ್ತದೆ. ಪತ್ರ ಹಿಡಿದು ನಿಂತಿದ್ದ ಸಣ್ಣಯ್ಯನ ಮುಂದೆ ನನಗಾದದ್ದೂ ಅದೇ ನಾಚಿಕೆ.

ಹೋಗುವ ಮೊದಲು ನಿಮಗೆ ನಾಲ್ಕು ಪದಗಳ ಒಂದು ಉಪಕರಣ ಕೊಟ್ಟು ಹೋಗುತ್ತೇನೆ. ಇದಕ್ಕೆ ಕರೆಂಟು ಬೇಡ, ರೀಚಾರ್ಜು ಬೇಡ. ಯಾರು, ಏನನ್ನು, ಎಷ್ಟು, ಯಾವಾಗ? ಯಾವುದೇ ಭರವಸೆಯ ಮಾತು ಕೇಳಿದಾಗ ಈ ನಾಲ್ಕನ್ನು ಅದರ ಪಕ್ಕದಲ್ಲಿಟ್ಟು ನೋಡಿ. ನಾಲ್ಕಕ್ಕೂ ಉತ್ತರವಿದ್ದರೆ ಅದು ಮಾತು. ಎರಡಕ್ಕೆ ಇದ್ದರೆ ಉಳಿದೆರಡನ್ನು ಕೇಳಿ ಪಡೆಯಿರಿ. ಒಂದಕ್ಕೂ ಇಲ್ಲದಿದ್ದರೆ ಅದು ಬಾಗಿಲ ಮೇಲಿನ ಸೀಮೆಸುಣ್ಣದ ಬರಹ. ಕೇಳುವಾಗ ಒರಟುತನ ಬೇಕಿಲ್ಲ. ‘ಸ್ವಾಮಿ, ಯಾವ ತಾರೀಖಿಗೆ ಬರಲಿ?’ ಎಂದು ವಿನಯದಿಂದಲೇ ಕೇಳಬಹುದು. ಆ ದೆವ್ವ ಈ ಪ್ರಶ್ನೆ ಕೇಳಿದ್ದರೆ ಅದನ್ನು ಬಾಗಿಲಿನಿಂದ ಕಳುಹಿಸುವುದು ಸುಲಭವಾಗುತ್ತಿರಲಿಲ್ಲ. ಹಾಗೆಯೇ ಈ ನಾಲ್ಕು ಪ್ರಶ್ನೆಗಳನ್ನು ನಿಮ್ಮ ಮಾತಿಗೂ ಹಾಕಿಕೊಳ್ಳಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಆಗುವುದಿಲ್ಲ ಎಂದಾದರೆ ಆಗುವುದಿಲ್ಲ ಎನ್ನಿ. ಕೇಳಿದವರು ಆ ಕ್ಷಣ ಬೇಸರಪಟ್ಟುಕೊಂಡರೂ, ಮುಂದೆ ಬೇರೆ ದಾರಿ ಹುಡುಕಿಕೊಳ್ಳುತ್ತಾರೆ.

ಸಣ್ಣಯ್ಯನ ತೋಟ ಈಗಲೂ ಇದೆ. ಮರಗಳು ಎತ್ತರವಾಗಿವೆ, ಅಡಿಕೆ ಕೊಡುತ್ತಿವೆ. ಪಹಣಿಯಲ್ಲಿ ಅವರ ಹೆಸರಿಲ್ಲ, ಆದ್ದರಿಂದ ಬ್ಯಾಂಕಿನಲ್ಲಿ ಬೆಳೆಸಾಲವಿಲ್ಲ. ಆ ಹಳೆಯ ಪತ್ರವನ್ನು ಅವರು ಪೆಟ್ಟಿಗೆಯಲ್ಲಿ ಮಡಿಸಿ ಇಟ್ಟುಕೊಂಡಿದ್ದಾರೆ. ನಿನ್ನೆ ಸಂಜೆ ಅವರ ಮನೆಗೆ ಹೋಗಿದ್ದೆ. ‘ನಾಳೆ ಮಕ್ಕಳಿಗೆ ಏನು ಹೇಳ್ತೀಯಾ?’ ಎಂದು ಕೇಳಿದರು. ‘ನಿಮ್ಮ ಪತ್ರದ ಕಥೆ ಹೇಳ್ತೀನಿ’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೇಳು. ಅವರಾದ್ರೂ ಇನ್ನೊಬ್ಬರ ಅರ್ಜಿ ಬರೆದು ಕೊಡುವಾಗ ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ಲಿ’ ಎಂದರು.

ಅವರ ಮಾತನ್ನು ನಿಮಗೆ ತಲುಪಿಸಿದ್ದೇನೆ.